ನೂರೈವತ್ತು ಕುದುರೆಗಳ ಗಾಡಿ

ಹದಿಮೂರು ತುಂಬಿದ ಮೇಲೆ ಲೈಲ್ ಕುಬಿಚೆಕ್‌ನ ಮಗಳು ಥಿಯಾ ಮೂರೇ ಮಾತುಗಳಲ್ಲಿ ಕಾಲ ಹಾಕುತ್ತಿದ್ದಳು. ಶಾಲೆ ಹೇಗಿತ್ತು ಎಂದರೆ 'ಹೂಂ'. ಹಸಿವಾಗಿದೆಯಾ ಎಂದರೆ 'ಊಹೂಂ'. ಯಾಕಮ್ಮ ಮುಖ ಬಾಡಿದೆ ಎಂದರೆ 'ಏನಿಲ್ಲ'. ಉಳಿದ ಸಮಸ್ತ ಶಬ್ದಭಂಡಾರವೂ ಅಂಗೈಯಗಲದ ಫೋನಿಗೆ ಮೀಸಲು. (ಅದೂ ಬಾಯಿಂದಲ್ಲ, ಹೆಬ್ಬೆರಳಿನಿಂದ.) ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಲೈಲ್ ಹಾಸುಗಂಬಳಿ ಮಾರುತ್ತಿದ್ದ. ಎಂಥ ಜಿಪುಣ ಗಿರಾಕಿಯನ್ನೂ ಮಾತಿಗೆ ಎಳೆದು ಕಂಬಳಿ ಹೊದಿಸಿ ಕಳಿಸಬಲ್ಲ ವಾಗ್ಮಿ. ಆದರೆ ಮಗಳ ಎದುರು ಅವನ ಅಂಗಡಿ ಬಾಗಿಲು ಹಾಕಿ ವರ್ಷವಾಗಿತ್ತು.

ಆದ್ದರಿಂದ ಶನಿವಾರ ಬೆಳಗ್ಗೆ, ದೋಸೆಯ ಅಣ್ಣನಂತಿರುವ ದಪ್ಪ ಪ್ಯಾನ್‌ಕೇಕಿನ ಮೇಲೆ ಜೋನಿಬೆಲ್ಲದಂಥ ಪಾಕ ಸುರಿದುಕೊಳ್ಳುತ್ತ, ಅವನು ಒಂದು ಘೋಷಣೆ ಮಾಡಿದ.

"ಇವತ್ತು ನಾವೆಲ್ಲ ಹಳೇಕಾಲದ ಹಳ್ಳಿಗೆ ಹೋಗ್ತಿದ್ದೀವಿ."

ಹಳೇಕಾಲದ ಹಳ್ಳಿ ಎಂದರೆ ಊರಾಚೆ ಹೊಳೆ ದಂಡೆಯಲ್ಲಿದ್ದ ಉದ್ಯಾನ. ಮೊದಮೊದಲು ಈ ಹುಲ್ಲುಬಯಲಿಗೆ ಬಂದು ನೆಲೆನಿಂತವರು ಹೇಗೆ ಬದುಕಿದರು ಎಂದು ತೋರಿಸಲು ಅಲ್ಲಿ ಮಣ್ಣಿನ ಮನೆ, ಕೊಟ್ಟಿಗೆ, ಕಮ್ಮಾರಸಾಲೆ ಎಲ್ಲ ಕಟ್ಟಿಟ್ಟಿದ್ದರು. ಅಲ್ಲಿನ ಕೆಲಸಗಾರರು ಆ ಕಾಲದ ಬಟ್ಟೆ ತೊಟ್ಟು, ಆ ಕಾಲದ ಮಾತಾಡುತ್ತ, ಆ ಕಾಲದಲ್ಲೇ ಇದ್ದುಬಿಡುತ್ತಿದ್ದರು. ಹೋದವರಿಗೂ ಬಟ್ಟೆ ಕೊಟ್ಟು ಒಂದು ದಿನ ಸಂಸಾರ ಮಾಡಿಸುತ್ತಿದ್ದರು.

"ನಿಮ್ಮ ಮುತ್ತಜ್ಜ ವೆನ್ಸಿಲ್ ಯುರೋಪಿನ ಬೊಹೀಮಿಯಾದಿಂದ ಬಂದು, ಕಮಾನುಗಾಡಿ ಹೊಡಕೊಂಡು, ಒಂದು ನೇಗಿಲು, ಒಂದು ಹೆಂಡತಿ..."

"ನೇಗಿಲು ಮೊದಲು ಬಂತಲ್ಲ," ಎಂದಳು ಹೆಂಡತಿ ಕೊರಿನ್. "ಲೈಲ್, ಹೋದ ವಾರ ಹುಲ್ಲು ಕತ್ತರಿಸೋ ಮೆಷಿನ್ ಸ್ಟಾರ್ಟ್ ಆಗ್ಲಿಲ್ಲ ಅಂತ ನೀನು ಒಳಗೆ ಬಂದು ಮಲಗಿದ್ದೆ."

"ಮೆಷಿನ್ ಬೇರೆ, ರಕ್ತ ಬೇರೆ. ನನ್ನ ಮೈಯಲ್ಲಿ ಹರೀತಿರೋದು ಬಯಲು ಉತ್ತವರ ರಕ್ತ."

"ಕೊಲೆಸ್ಟರಾಲ್ ಕೂಡ ಹರೀತಿದೆ ಅಂತ ಡಾಕ್ಟರ್ ಹೇಳಿದಾರೆ."

ಆರು ವರ್ಷದ ಮಗ ಓಟಿಸ್, "ಅಲ್ಲಿ ಎತ್ತು ಇರತ್ತಾ?" ಎಂದು ಕೇಳಿದ. ಇರುತ್ತದೆ ಎಂದು ತಿಳಿದ ಕೂಡಲೇ ಬೂಟು ಹಾಕಿಕೊಳ್ಳಲು ಓಡಿದ. ಥಿಯಾ, "ಹೂಂ" ಎಂದಳು. ಅದು ಒಪ್ಪಿಗೆಯೋ ನಿಟ್ಟುಸಿರೋ ತಿಳಿಯಲಿಲ್ಲ.

ಉದ್ಯಾನದ ಬಾಗಿಲಲ್ಲಿ ಲೈಲ್ ತನ್ನ ದಿನದ ಏಕೈಕ ಕಟ್ಟಳೆಯನ್ನು ಹೊರಡಿಸಿದ: ಎಲ್ಲರ ಫೋನೂ ಕಾರಿನೊಳಗೇ ಇರಬೇಕು. ಥಿಯಾ ಅವನನ್ನು ನೋಡಿದ ನೋಟಕ್ಕೆ ಮುತ್ತಜ್ಜನ ನೇಗಿಲೂ ಮುರಿಯುತ್ತಿತ್ತು. ಆದರೂ ಫೋನನ್ನು ಸೀಟಿನ ಮೇಲಿಟ್ಟಳು. ಲೈಲ್ ಕಾರಿಗೆ ಬೀಗ ಹಾಕಿ, ಒಳಗೆ ಹೋಗಿ, ಅವರು ಕೊಟ್ಟ ಒರಟು ಷರಾಯಿ ತೊಟ್ಟು, ಹೆಗಲಪಟ್ಟಿ ಏರಿಸಿ, ಮೊಳಕಾಲಿನವರೆಗೆ ಬರುವ ಬೂಟು ಹಾಕಿ, ಕಾರಿನ ಕೀಯನ್ನು ಜವಾಬ್ದಾರಿಯುತ ಗೃಹಸ್ಥನಂತೆ ಷರಾಯಿಯ ಜೇಬಿಗೆ ಇಳಿಬಿಟ್ಟ. ಆ ಷರಾಯಿ ಎಲ್ಲ ರೀತಿಯಿಂದಲೂ ಆ ಕಾಲದ ಅಚ್ಚ ಪ್ರತಿಯಾಗಿತ್ತು. ಜೇಬಿನ ತೂತು ಸಹ.

ಅವರ ಪಾಲಿಗೆ ಬಂದದ್ದು ಮಣ್ಣಿನ ಮನೆ. ಹುಲ್ಲುಸಮೇತ ಕೆತ್ತಿದ ನೆಲದ ಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಒಂದೇ ಕೋಣೆ. ಅಲ್ಲಿನ ಒಡತಿ ಮಿಸೆಸ್ ಟಾಲ್‌ಗ್ರೆನ್ ಕುಲಾವಿ ಕಟ್ಟಿದ, ಮರದ ಮೋಪಿನಂತೆ ಗಟ್ಟಿಯಾದ ಮುದುಕಿ. ಬಾಗಿಲಲ್ಲೇ ಲೈಲ್‌ನ ಕೈ ಹಿಡಿದು ತಿರುವಿ ನೋಡಿ, "ಈ ಕೈ ಏನು ಕೆಲಸ ಮಾಡಿದೆ, ಯಜಮಾನರೇ?" ಎಂದಳು.

"ಹಾಸುಗಂಬಳಿ ವ್ಯಾಪಾರ, ಅಮ್ಮ."

ಆಕೆ ಒಳಗಿನ ಮಣ್ಣಿನ ನೆಲವನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿ, "ಪಾಪ," ಎಂದಳು.

ಮಧ್ಯಾಹ್ನದೊಳಗೆ ಬಯಲು ಉತ್ತವರ ರಕ್ತದ ಪರೀಕ್ಷಾ ವರದಿ ಬಂದುಬಿಟ್ಟಿತ್ತು. ಲೈಲ್ ಬಾವಿಯಿಂದ ತಂದ ನೀರಿನಲ್ಲಿ ಮನೆ ಮುಟ್ಟಿದ್ದು ಒಂದು ಚೊಂಬಿನಷ್ಟು. ಉಳಿದದ್ದು ಬೂಟಿನೊಳಗೆ. ಒಲೆ ಹೊತ್ತಿಸಲು ಹೋಗಿ ಮನೆಯವರನ್ನೆಲ್ಲ ಹೊಗೆ ಹಾಕಿ ಹೊರಗೆ ಓಡಿಸಿದ. ಹಸುವಿನ ಕೆಳಗೆ ಕೂತರೆ ಹಸು ತಿರುಗಿ ಅವನ ಟೋಪಿ ತಿಂದಿತು. ಕೊರಿನ್ ಮಾತ್ರ ಹೊರಗೆ ಬೆಂಚಿನ ಮೇಲೆ ಆರಾಮಾಗಿ ಕೂತು ಮರದ ಪೀಪಾಯಿಯಲ್ಲಿ ಬೆಣ್ಣೆ ಕಡೆಯುತ್ತಿದ್ದಳು. ಓಟಿಸ್ ಎತ್ತಿನ ಜತೆ ಖಾಸಗಿ ಮಾತುಕತೆಯಲ್ಲಿದ್ದ. ಥಿಯಾ ಬಾಗಿಲ ಚೌಕಟ್ಟಿಗೆ ಒರಗಿ, ಇಲ್ಲದ ಫೋನಿನ ಮೇಲೆ ಹೆಬ್ಬೆರಳಾಡಿಸುತ್ತ ನಿಂತಿದ್ದಳು.

"ಚೆನ್ನಾಗಿದೆಯಲ್ಲಮ್ಮ?" ಎಂದ ಲೈಲ್, ಮಸಿ ಹಿಡಿದ ಮುಖದಲ್ಲಿ ಹಲ್ಲು ಬಿಟ್ಟು.

"ಹೂಂ."

"ಬೇಜಾರಾಗ್ತಿದ್ಯಾ?"

"ಏನಿಲ್ಲ."

ಲೈಲ್‌ಗೆ ಇದ್ದಕ್ಕಿದ್ದಂತೆ ಸಾಕಾಯಿತು. ಒದ್ದೆ ಬೂಟಿಗಿಂತ, ಟೋಪಿಗಿಂತ ಹೆಚ್ಚಾಗಿ ಆ 'ಏನಿಲ್ಲ'ಕ್ಕೆ ಸಾಕಾಯಿತು. ಕೂಸಾಗಿದ್ದಾಗ ಅವನ ಹೊಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಕತೆ ಹೊಡೆಯುತ್ತಿದ್ದವಳು ಇವಳೇನಾ? ಹೋಗಲಿ, ಮಗುವನ್ನು ಯಾಕೆ ಗೋಳು ಹೊಯ್ದುಕೊಳ್ಳುವುದು, ಮನೆಗೆ ಹೋಗಿಬಿಡೋಣ ಎಂದುಕೊಂಡು ಜೇಬಿಗೆ ಕೈ ಹಾಕಿದ. ಕೈ ಜೇಬಿನಲ್ಲಿ ಇಳಿಯಿತು, ಇನ್ನೂ ಇಳಿಯಿತು, ತನ್ನದೇ ತೊಡೆಯನ್ನು ಮುಟ್ಟಿತು.

"ಕೊರಿನ್," ಎಂದ ಮೆಲ್ಲಗೆ. "ಕಾರಿನ ಕೀ ಇಲ್ಲ."

ಪೀಪಾಯಿಯ ಸದ್ದು ನಿಂತಿತು. "ಇನ್ನೊಂದು ಕೀ ಮನೇಲಿದೆ. ಗೇಟಿನ ಆಫೀಸಿಂದ ನನ್ನಣ್ಣನಿಗೆ ಫೋನ್ ಮಾಡ್ಲಾ? ತಂದುಕೊಡ್ತಾನೆ."

"ಬೇಡ." ಆ ಭಾವಮೈದುನನ ಬಾಯಿಗೆ ಬಿದ್ದರೆ ಈ ಕತೆ ಪ್ರತಿ ಹಬ್ಬದೂಟದಲ್ಲೂ ಟರ್ಕಿ ಕೋಳಿಗಿಂತ ಮೊದಲು ಬಡಿಸಲ್ಪಡುತ್ತಿತ್ತು. "ಇಲ್ಲೇ ಎಲ್ಲೋ ಬಿದ್ದಿದೆ. ಹುಡುಕ್ತೀನಿ." ಮಿಸೆಸ್ ಟಾಲ್‌ಗ್ರೆನ್ ಕಡೆ ತಿರುಗಿದ. "ಅಮ್ಮ, ನನ್ನ ಕಾರಿನ ಕೀ ನೋಡಿದ್ರಾ?"

"ಕಾರು ಅಂದ್ರೆ?" ಎಂದಳು ಮುದುಕಿ, ರೆಪ್ಪೆ ಹೊಡೆಯದೆ.

"ಅಮ್ಮ, ಇದು ತಮಾಷೆಯಲ್ಲ. ನಿಜವಾಗ್ಲೂ ಕಳೆದಿದೆ."

"ನೀವು ಹೇಳಿದ್ದು ನಂಗೆ ತಿಳೀಲಿಲ್ಲ, ಯಜಮಾನರೇ. ಇದು ಸಾವಿರದ ಎಂಟುನೂರ ಎಪ್ಪತ್ತಾರು."

ಲೈಲ್ ಉಸಿರು ಎಳೆದುಕೊಂಡ. "ಗಾಡಿ. ನನ್ನ ಗಾಡಿಯ ಬೀಗದ ಕೈ."

"ಗಾಡಿಗೆ ಬೀಗವೇ? ಗಾಡೀಲಿ ಬೀಗರು ಬರೋದು ಕಂಡಿದ್ದೀನಿ. ಗಾಡಿಗೆ ಬೀಗ ಹಾಕೋರನ್ನ ಇವತ್ತೇ ಕಂಡದ್ದು. ಎತ್ತು ಬಿಚ್ಚಿ ಕಟ್ಟಿದ್ರೆ ಯಾರು ಹೊಡಕೊಂಡು ಹೋಗ್ತಾರೆ?"

"ಎತ್ತಿಲ್ಲ, ಅದಕ್ಕೆ..." ಎಂದು ಲೈಲ್ ತಡವರಿಸಿದ.

"ಕುದುರೆ ಗಾಡಿ, ಅಮ್ಮ," ಎಂದಿತು ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಥಿಯಾ ಚೌಕಟ್ಟು ಬಿಟ್ಟು ಮುಂದೆ ಬಂದಿದ್ದಳು.

"ಎಷ್ಟು ಕುದುರೆ ಮಗಳೇ?"

"ನೂರೈವತ್ತು."

ಮುದುಕಿ ತಲೆದೂಗಿದಳು. "ದೊಡ್ಡ ಮನೆತನ. ಎಲ್ಲಿ ಕಟ್ಟಿದ್ದೀರಿ?"

"ಗಾಡಿ ಮುಂದುಗಡೆ ಒಂದು ಮುಚ್ಚಳ ಇದೆ, ಅದರ ಕೆಳಗೆ. ಎಲ್ಲಾ ಮಲಗಿವೆ. ಅಪ್ಪನ ಹತ್ರ ಇರೋ ಒಂದು ಕಬ್ಬಿಣದ ತುಂಡು ಹತ್ರ ಬಂದ್ರೇನೇ ಏಳೋದು. ಅಪ್ಪ ಅದನ್ನೇ ಕಳಕೊಂಡಿದ್ದಾನೆ."

"ಅಷ್ಟು ಕುದುರೆಗೆ ಮೇವು?"

"ಮೇವು ತಿನ್ನಲ್ಲ, ಬರೀ ಕುಡೀತವೆ. ವಾರಕ್ಕೊಂದ್ಸಲ. ಕುಡಿಸುವಾಗೆಲ್ಲ ಅಪ್ಪ ಬೈಕೋತಾನೆ."

"ಕುಡುಕ ಕುದುರೆಗಳು," ಎಂದು ಮುದುಕಿ ಮರುಕದಿಂದ ಲೈಲ್‌ನ ಕಡೆ ನೋಡಿದಳು. "ಅದಕ್ಕೇ ನಿಮ್ಮ ಮುಖ ಹೀಗಾಗಿದೆ."

ಥಿಯಾ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿದ ಕೈಯನ್ನೂ ಮೀರಿ. ಬಿಕ್ಕಳಿಕೆ ಬರುವವರೆಗೆ ನಕ್ಕಳು. ಮಸಿ ಮುಖದ, ಟೋಪಿ ಕಳೆದುಕೊಂಡ, ಶತಾಶ್ವಾಧಿಪತಿಯಾದ ಲೈಲ್ ಅವಳನ್ನೇ ನೋಡುತ್ತ ನಿಂತ. ಕೀ ಕಳೆದ ಕಳವಳವೂ ಒಂದು ಗಳಿಗೆ ಮರೆತುಹೋಯಿತು.

ಹುಡುಕಾಟ ಶುರುವಾಯಿತು. ನಾಯಕತ್ವ ತಾನಾಗಿಯೇ ಥಿಯಾಳ ಕೈಗೆ ಹೋಯಿತು. ಆದರೆ ಮಿಸೆಸ್ ಟಾಲ್‌ಗ್ರೆನ್‌ದು ಒಂದು ಷರತ್ತಿತ್ತು: ಅವಳ ಹಟ್ಟಿಯಲ್ಲಿ ಯಾರೂ ಬರಿಗೈಯಲ್ಲಿ ಸುತ್ತುವಂತಿಲ್ಲ. ಹಾಸಿಗೆಯಲ್ಲಿ ಹುಡುಕುವವರು ಹುಲ್ಲು ಕೊಡವಿ ಹೊಸದು ತುಂಬಬೇಕು. ಕೋಳಿಗೂಡಿಗೆ ಹೋದವರು ಮೊಟ್ಟೆ ತರಬೇಕು. ಬಾವಿಕಟ್ಟೆಗೆ ಹೋದವರು ನೀರು ತರಬೇಕು. ಹೀಗೆ ಬೆಳಗಿನಿಂದ ಆಗದ ಕೆಲಸವೆಲ್ಲ ಆಗತೊಡಗಿತು. "ಓಟಿಸ್, ನೀನು ಹಾಸಿಗೆ. ಅಪ್ಪ, ನೀನು ಕೋಳಿ. ಅಮ್ಮ, ಬೆಣ್ಣೇಲಿ ಬಿದ್ದಿಲ್ವಾ ನೋಡು," ಎಂದು ಥಿಯಾ ಅಂಗಳದ ನಡುವೆ ನಿಂತು ಆಜ್ಞೆ ಕೊಡುತ್ತಿದ್ದಳು. ಅವಳ ಬಾಯಿಂದ ಅಷ್ಟು ಮಾತು ಕೇಳಿ ಕೊರಿನ್ ಬೆಣ್ಣೆಗೆ ಉಪ್ಪು ಹಾಕುವುದನ್ನೇ ಮರೆತಳು.

ಕೋಳಿಗೂಡಿನಲ್ಲಿ ಲೈಲ್ ನಾಲ್ಕು ಕಾಲಿನ ಮೇಲಿದ್ದ. ಒಂದು ಕೆಂಪು ಹೇಂಟೆ ಅವನ ಕಿವಿಯನ್ನು ಕುಕ್ಕಲು ನೋಡುತ್ತಿತ್ತು. ತಪ್ಪಿಸಿಕೊಳ್ಳಲೆಂದು ಹಿಂದೆ ಸರಿದಾಗ ಎಡಗಾಲಿನ ಹಿಮ್ಮಡಿಗೆ ಏನೋ ಚುಚ್ಚಿತು. ಕಲ್ಲೆಂದುಕೊಂಡು ಬೂಟಿನೊಳಗೆ ಕೈ ತೂರಿಸಿದ. ಕಲ್ಲಾಗಿರಲಿಲ್ಲ. ಜೇಬಿನ ತೂತಿನಿಂದ ಷರಾಯಿಯೊಳಗೆ ಜಾರಿ, ಕಾಲುಗುಂಟ ಇಳಿದು, ಕೀ ಬೂಟಿನ ತಳದಲ್ಲಿ ಸುಖವಾಗಿ ನೆಲೆನಿಂತಿತ್ತು.

'ಸಿಕ್ತು' ಎಂದು ಕೂಗಲು ಬಾಯಿ ತೆರೆದ.

"ಅಪ್ಪಾ," ಎಂದು ಥಿಯಾ ಗೂಡಿನ ಬಾಗಿಲಲ್ಲಿ ಬಗ್ಗಿ ನೋಡಿದಳು. ಕೆನ್ನೆ ಕೆಂಪಾಗಿತ್ತು, ಕೂದಲಲ್ಲಿ ಹುಲ್ಲು ಸಿಕ್ಕಿತ್ತು. "ಸಿಕ್ತಾ?"

ಲೈಲ್ ಬಾಯಿ ಮುಚ್ಚಿದ. ಮತ್ತೆ ತೆರೆದ.

"ಊಹೂಂ," ಎಂದ.

"ಪರವಾಗಿಲ್ಲ ಬಾ, ಕಮ್ಮಾರಸಾಲೇಲಿ ನೋಡೋಣ. ನೀನು ಬೆಳಗ್ಗೆ ಅಲ್ಲಿ ಮುಗ್ಗರಿಸಿದ್ಯಲ್ಲ." ಅವಳು ಅವನ ಕೈ ಹಿಡಿದು ಎಳೆದಳು. ನಾಲ್ಕು ಜನ ನೋಡುವ ಜಾಗದಲ್ಲಿ, ಹಾಡುಹಗಲಲ್ಲಿ, ಅಪ್ಪನ ಕೈಯನ್ನು. ಈ ಕೈ ಸಿಗುವುದಾದರೆ ಬೂಟಿನಲ್ಲಿ ಕೀ ಮಾತ್ರವಲ್ಲ, ಇಡೀ ಕಾರನ್ನೇ ಇಟ್ಟುಕೊಂಡು ನಡೆಯಲು ಲೈಲ್ ಸಿದ್ಧನಿದ್ದ.

ಆದರೆ ಹಿಮ್ಮಡಿಗೆ ಪಿತೃವಾತ್ಸಲ್ಯ ತಿಳಿಯುವುದಿಲ್ಲ. ಕಮ್ಮಾರಸಾಲೆಯಿಂದ ಹೊರಗೆ ಬರುವಷ್ಟರಲ್ಲಿ ಅವನು ಕುಂಟುತ್ತಿದ್ದ. ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಹಲ್ಲು ಕಚ್ಚುತ್ತಿದ್ದ.

"ಏನಾಯ್ತು ಕಾಲಿಗೆ?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ ನಂಗೊತ್ತಿಲ್ವಾ?" ಎಂದಳು ಥಿಯಾ, ಆ ಮಾತಿನ ಮೇಲೆ ಪೂರ್ಣ ಅಧಿಕಾರವಿದ್ದವಳಂತೆ. "ಕೂತ್ಕೋ. ಬೊಕ್ಕೆ ಎದ್ದಿರತ್ತೆ. ಬಿಚ್ಚು."

"ಬೇಡ ಬಿಡಮ್ಮ."

"ಅಪ್ಪ, ಕೂತ್ಕೋ ಅಂದೆ."

ಅವನು ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತ. ಅವಳು ಎದುರಿಗೆ ಮೊಣಕಾಲೂರಿ, ಉದ್ದ ಲಂಗವನ್ನು ಒಟ್ಟುಮಾಡಿಕೊಂಡು, ಬೂಟಿನ ದಾರ ಸಡಿಲಿಸಿ, ನೋವಾಗದ ಹಾಗೆ ಮೆಲ್ಲಗೆ ಎಳೆದಳು. ಬೂಟು ಬಂತು. ಅದರ ಹಿಂದೆಯೇ ಒಂದಿಷ್ಟು ಬಾವಿ ನೀರು ಬಂತು. ಅದರ ಹಿಂದೆ ಕೀ ಬಂತು.

ಇಬ್ಬರೂ ಅದನ್ನು ನೋಡಿದರು.

"ಯಾವಾಗ್ಲಿಂದ ಇದೆ?" ಎಂದಳು ಥಿಯಾ.

"ಕೋಳಿಗೂಡಿಂದ." ಲೈಲ್ ಮುಖ ಎತ್ತಲಿಲ್ಲ. "ನೀನು ನಗ್ತಿದ್ದೆ. ಅದಕ್ಕೆ... ತಗೋ. ಹೋಗಿ ಕಾರು ತೆಗಿ. ನಿನ್ನ ಫೋನು ಸೀಟಿನ ಮೇಲಿದೆ."

ಅವಳು ಕೀ ಎತ್ತಿಕೊಂಡಳು. ಲಂಗಕ್ಕೆ ಒರೆಸಿದಳು. ದೂರದಲ್ಲಿ ಗೇಟಿನಾಚೆ ಕಾರಿನ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನೋಡಿದಳು, ಅಪ್ಪನ ಒದ್ದೆ ಕಾಲುಚೀಲವನ್ನು ನೋಡಿದಳು. ಆಮೇಲೆ ಕೀಯನ್ನು ಬೂಟಿನೊಳಕ್ಕೆ ಹಾಕಿ, ಬೂಟನ್ನು ಅವನ ಕಾಲಿಗೆ ಏರಿಸಿ, ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದಳು. ಸ್ವಲ್ಪ ಅತಿಯಾಗಿಯೇ ಬಿಗಿಯಾಗಿ.

"ಅಮ್ಮಾ, ಓಟಿಸ್," ಎಂದು ಎದ್ದು ನಿಂತು ಕೂಗಿದಳು. "ಕೊಟ್ಟಿಗೇಲೂ ಇಲ್ಲ. ತಿಪ್ಪೇಲಿ ಬಿದ್ದಿರಬೇಕು ಅಂತ ಅಪ್ಪ ಹೇಳ್ತಿದ್ದಾನೆ."

"ನಾನೆಲ್ಲಿ..." ಎಂದ ಲೈಲ್.

"ತಾನೇ ಹುಡುಕ್ತಾನಂತೆ."

ತಿಪ್ಪೆ ಎಂಬ ಮಾತು ಕೇಳಿ ಮಿಸೆಸ್ ಟಾಲ್‌ಗ್ರೆನ್‌ಳ ಮುಖ ಅರಳಿತು. ಕೊಟ್ಟಿಗೆಯ ಹಿಂದೆ ಚಳಿಗಾಲದಿಂದ ಬೆಳೆದ ಸಗಣಿ ಗುಡ್ಡೆಯನ್ನು ತರಕಾರಿ ತೋಟಕ್ಕೆ ಸಾಗಿಸಲು ಯಾರೂ ಸಿಕ್ಕಿರಲಿಲ್ಲವಂತೆ. "ಈ ತುದಿಯಿಂದ ಶುರು ಮಾಡಿ, ಯಜಮಾನರೇ. ಬುಡದವರೆಗೂ ನೋಡಿ. ಕಬ್ಬಿಣ ಯಾವಾಗಲೂ ಬುಡಕ್ಕೇ ಇಳಿಯೋದು," ಎಂದು ಅವನ ಕೈಗೆ ಸಲಿಕೆ ಕೊಟ್ಟು, ಪಕ್ಕದಲ್ಲಿ ಕೈಗಾಡಿ ತಂದು ನಿಲ್ಲಿಸಿದಳು.

ಲೈಲ್ ಬಾಚತೊಡಗಿದ. ಪ್ರತಿ ಸಲ ಸಲಿಕೆಯನ್ನು ಒತ್ತಿದಾಗಲೂ ಕೀ ಹಿಮ್ಮಡಿಯನ್ನು ಕಚ್ಚಿ ತಾನಿಲ್ಲಿದ್ದೇನೆ ಎನ್ನುತ್ತಿತ್ತು. ಓಟಿಸ್ ಥಿಯಾಳ ಪಕ್ಕ ಬೇಲಿಯ ಮೇಲೆ ಕೂತು, "ಅಲ್ಲಿ ಹೊಳೀತಿದೆ, ಅಪ್ಪ," ಎಂದು ಪ್ರತಿಯೊಂದು ನೊಣವನ್ನೂ ತೋರಿಸುತ್ತಿದ್ದ. ಕೊರಿನ್ ಬೆಣ್ಣೆ ಸವರಿದ ಬ್ರೆಡ್ಡು ತಿನ್ನುತ್ತ ಬಂದು ನಿಂತು, ಗಂಡನ ಕುಂಟು ಕಾಲನ್ನು ಬಹಳ ಹೊತ್ತು ನೋಡಿದಳು. "ಆ ಮೂಲೇಲೂ ಒಂಚೂರು ನೋಡು, ಲೈಲ್," ಎಂದು ಹೇಳಿ ಮಗನನ್ನು ಕರೆದುಕೊಂಡು ಇನ್ನೊಂದು ಬ್ರೆಡ್ಡಿಗೆ ಹೋದಳು.

ಅವರು ಹೋದ ಮೇಲೆ ಥಿಯಾ ಬೇಲಿಯಿಂದ ಇಳಿದು ಬಂದು ಇನ್ನೊಂದು ಸಲಿಕೆ ತೆಗೆದುಕೊಂಡಳು. ಇಬ್ಬರೂ ಸೇರಿ ಒಂದು ಕೈಗಾಡಿ ತುಂಬಿದರು.

"ಮಾರ್ಗೋ ಇದ್ದಾಳಲ್ಲ," ಎಂದಳು ಕೊನೆಗೆ, ಸಗಣಿಯನ್ನೇ ನೋಡುತ್ತ. "ಅವಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಊಟದ ಹೊತ್ತಲ್ಲಿ ನಂಗೆ ಎಲ್ಲಿ ಕೂರಬೇಕು ಅಂತಲೇ ಗೊತ್ತಾಗಲ್ಲ."

ಮಾರ್ಗೋ ಒಂದನೇ ತರಗತಿಯಿಂದ ಅವಳ ಜೀವದ ಗೆಳತಿ. ಲೈಲ್‌ನ ಬಾಯಿಗೆ ಮೂರು ಉಪದೇಶ, ಒಂದು ಮುತ್ತಜ್ಜನ ಕತೆ ಒಟ್ಟಿಗೇ ನುಗ್ಗಿ ಬಂದವು. ಎಲ್ಲವನ್ನೂ ನುಂಗಿಕೊಂಡ.

"ಹೂಂ," ಎಂದ.

ಅವಳು ಹೇಳುತ್ತ ಹೋದಳು. ಯಾರು ಯಾರಿಗೆ ಏನು ಬರೆದದ್ದು, ಯಾರು ನಕ್ಕದ್ದು, ಬಸ್ಸಿನಲ್ಲಿ ಯಾರು ಜಾಗ ಹಿಡಿದು ಕೊಡಲಿಲ್ಲ ಎಂಬುದು. ನಡುವೆ ಒಂದೆರಡು ಸಲ ಮೂಗು ಒರೆಸಿಕೊಂಡಳು. ಲೈಲ್ ಸಲಿಕೆ ಆಡಿಸುತ್ತ, ಮಾತಿನ ನಡುವೆ ಹೂಂಗುಟ್ಟುತ್ತ, ಕೇಳುತ್ತ ಹೋದ. ಹಿಮ್ಮಡಿ ಉರಿಯುತ್ತಿತ್ತು, ಬೆನ್ನು ಎರಡಾಗಿತ್ತು, ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

ಕತೆ ಇನ್ನೂ ಅರ್ಧದಲ್ಲಿತ್ತು. ತಿಪ್ಪೆ ಮಾತ್ರ ಮುಗಿಯುತ್ತ ಬಂದಿತ್ತು. ಥಿಯಾ ಬೆವರು ಒರೆಸಿಕೊಳ್ಳಲು ಆಚೆ ತಿರುಗಿದಾಗ, ಲೈಲ್ ಕೈಗಾಡಿಯಿಂದ ಎರಡು ದೊಡ್ಡ ಸಲಿಕೆ ಸಗಣಿ ತೆಗೆದು, ಸದ್ದಾಗದಂತೆ ಮತ್ತೆ ಗುಡ್ಡೆಗೆ ಹಾಕಿದ.