ಅಪಾಯವನ್ನು ಒಪ್ಪಿಕೊಳ್ಳುವ ಅಧಿಕಾರ ಯಾರಿಗೆ

ಸಂಖ್ಯೆ: ಆವಕ/ಬ್ರೌಸರ್/ಅತಿವೇಗ/7

ವಿಷಯ: ಬ್ರೌಸರಿನ ಅಡಗಿದ ಸೆಟ್ಟಿಂಗುಗಳನ್ನು ಅನುಮತಿಯಿಲ್ಲದೆ ಬದಲಿಸಿ, ಪುಟಗಳು ಬೇಗ ತೆರೆಯುವಂತೆ ಮಾಡಿರುವ ಬಗ್ಗೆ.

ಉಲ್ಲೇಖ:
1. “ಇದೇನ್ರೀ, ಟೀ ತರೋಷ್ಟ್ರಲ್ಲಿ ಪುಟ ಬಂದು ಕೂತ್ಬಿಟ್ಟಿದೆ” – ಜವಾನರ ಮೌಖಿಕ ವರದಿ.
2. “ಮುಟ್ಟಿದ್ದು ನಾನೇ. ಏನೀಗ?” – ಆವಕ ಗುಮಾಸ್ತೆಯವರ ಮೌಖಿಕ ಸಮಜಾಯಿಷಿ.

ಆವಕ ಗುಮಾಸ್ತೆಯವರು (ಕಚೇರಿಗೆಲ್ಲ ಅಕ್ಕ, ಇನ್ನು ಮುಂದೆ ‘ಸದರಿ ಅಕ್ಕ’) ಬ್ರೌಸರಿನ ಗುಪ್ತ ಪುಟವನ್ನು ತೆರೆದಾಗ ‘ಅಪಾಯವನ್ನು ಒಪ್ಪಿ ಮುಂದುವರಿಯಿರಿ’ ಎಂಬ ಗುಂಡಿ ಕಾಣಿಸಿರುತ್ತದೆ. ಕಚೇರಿಯ ಪದ್ಧತಿಯಂತೆ ಯಾವುದೇ ಅಪಾಯವನ್ನು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಕು. ಮೇಲೆ ಹೋದ ಯಾವ ಅಪಾಯವೂ ಒಪ್ಪಿಗೆಯಾಗಿ ಇದುವರೆಗೆ ಕೆಳಗಿಳಿದಿಲ್ಲ. ಹೀಗಿದ್ದೂ ಸದರಿ ಅಕ್ಕ ತಾವೇ ಗುಂಡಿ ಒತ್ತಿರುತ್ತಾರೆ. ತತ್ಪರಿಣಾಮ, ಪುಟಗಳು ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಸಲೀಸಾಗಿ ಜಾರುತ್ತಿವೆ. ತಾವಾಗಿ ಕಿರುಚುತ್ತಿದ್ದ ವಿಡಿಯೋಗಳು ಬಾಯಿ ಮುಚ್ಚಿವೆ. ಆದ್ದರಿಂದ ಸದರಿ ಅಕ್ಕನವರನ್ನು ಕಿಟಕಿ ಪಕ್ಕದ ಕಂಪ್ಯೂಟರಿನಿಂದ ಎಬ್ಬಿಸಿ ಹಳೇ ಕಡತಗಳ ಕೋಣೆಗೆ ಕಳಿಸುವ ಪ್ರಸ್ತಾವ ಪರಿಶೀಲನೆಯಲ್ಲಿದ್ದು, ಈ ಕೆಳಗಿನಂತೆ ಎಲ್ಲರಿಗೂ ತಿಳಿಯಪಡಿಸಲಾಗಿದೆ:

1. ಪುಟ ತೆರೆಯುವವರೆಗೆ ಟೀ ಕುಡಿಯುವುದು, ಮಗಳಿಗೆ ಫೋನ್ ಮಾಡುವುದು, ಪಕ್ಕದ ಮೇಜಿನವರ ಬೀಗರ ಸುದ್ದಿ ಕೇಳುವುದು ನಡೆದುಕೊಂಡು ಬಂದಿರುತ್ತದೆ. ಇನ್ನು ಮುಂದೆ ಪುಟ ತಕ್ಷಣ ತೆರೆದರೂ, ಲೋಟ ಖಾಲಿಯಾಗುವವರೆಗೆ ತೆರೆದಿಲ್ಲವೆಂದೇ ಭಾವಿಸತಕ್ಕದ್ದು.

2. ಕೌಂಟರಿನ ಆಚೆ ನಿಂತವರಿಗೆ “ಸರ್ವರ್ ಸ್ಲೋ ಇದೆ, ನಾಳೆ ಬನ್ನಿ” ಎಂದು ಹಿಂದಿನ ಮುಖಭಾವದಲ್ಲೇ ಹೇಳತಕ್ಕದ್ದು. ಮುಖಭಾವ ಮರೆತವರಿಗೆ ತರಬೇತಿ ನೀಡಲಾಗುವುದು.

3. ನಿಂತ ಕಾಲಲ್ಲೇ ಕೆಲಸ ಮುಗಿದ ಅಜ್ಜಿಯೊಬ್ಬರು “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ” ಎಂದು ಹರಸಿದ್ದನ್ನು ಸದರಿ ಅಕ್ಕ ಒಬ್ಬರೇ ಸ್ವೀಕರಿಸಿರುವುದು ನಿಯಮಬಾಹಿರ. ಸದರಿ ತಂಪನ್ನು ಸಿಬ್ಬಂದಿಗೆಲ್ಲ ದರ್ಜೆವಾರು ಹಂಚತಕ್ಕದ್ದು.

4. ಪುಟವನ್ನು ವಿನಾಕಾರಣ ಮೇಲಕ್ಕೂ ಕೆಳಕ್ಕೂ ಜಾರಿಸಿ “ಆಹಾ” ಎನ್ನುವುದನ್ನು ನಿಷೇಧಿಸಲಾಗಿದೆ. ಕೆಳಗೆ ಸಹಿ ಮಾಡಲಿರುವವರು ನಿನ್ನೆ ಊಟದ ಹೊತ್ತಿನುದ್ದಕ್ಕೂ ಹಾಗೆ ಮಾಡಿದ್ದು ತನಿಖೆಯ ಅಂಗವಾಗಿರುತ್ತದೆ.

5. ಎಲ್ಲವನ್ನೂ ಮೊದಲಿನಂತೆ ಮಾಡಲು ಇನ್ನೊಂದು ಗುಂಡಿಯಿದೆ. ಅದನ್ನು ಒತ್ತುವುದೂ ಅಪಾಯವೇ ಆದುದರಿಂದ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಲಾಗಿದೆ. ಒಪ್ಪಿಗೆ ಇಳಿದು ಬರುವವರೆಗೆ ಸದರಿ ಅಕ್ಕ ಅದೇ ಕುರ್ಚಿಯಲ್ಲಿ, ಅದೇ ಕಿಟಕಿಯ ಪಕ್ಕ, ಇದೇ ವೇಗದಲ್ಲಿ ಶಿಕ್ಷೆ ಅನುಭವಿಸತಕ್ಕದ್ದು.

(ಸಹಿ ಇಲ್ಲ)
ಮೇಲ್ವಿಚಾರಕರು

ಷರಾ: ಪೆನ್ನು ಹುಡುಕುವಷ್ಟರಲ್ಲಿ ಸುತ್ತೋಲೆ ಎಲ್ಲ ಶಾಖೆಗಳನ್ನೂ ತಲುಪಿಬಿಟ್ಟಿರುತ್ತದೆ.

ಪ್ರತಿಗಳು:
1. ಎಲ್ಲ ಶಾಖೆಗಳಿಗೆ. “ನಮ್ಮಲ್ಲಿಗೂ ಅಕ್ಕನ್ನ ಒಂದಿನ ಕಳಿಸ್ಕೊಡಿ” ಎಂಬ ಉತ್ತರಗಳು ಆಗಲೇ ಬಂದಿದ್ದು, ಕಡತಕ್ಕೆ ಸೇರಿಸಿದೆ.
2. ಜವಾನರಿಗೆ, ಟೀಯನ್ನೂ ಸ್ವಲ್ಪ ಬೇಗ ತರುವ ಕೋರಿಕೆಯೊಂದಿಗೆ.
3. ಸದರಿ ಅಕ್ಕನವರಿಗೆ. ಮೇಲ್ವಿಚಾರಕರ ಮೊಬೈಲನ್ನು ಇದರೊಂದಿಗೆ ಲಗತ್ತಿಸಿದೆ. ಅಪಾಯವನ್ನು ಒಪ್ಪಲಾಗಿದೆ.