ಮರುಭೂಮಿ ನೋಡಿಬಂದ ಕಲ್ಲು

ಒಬ್ಬನೇ ಇರಬೇಕೆಂಬ ಆಸೆ ಕೆಲವರಿಗೆ ವೈರಾಗ್ಯದಿಂದ ಹುಟ್ಟುತ್ತದಂತೆ. ನನಗೆ ಅದು ಹುಟ್ಟಿದ್ದು ಬಚ್ಚಲುಮನೆಯಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ನಾವು ಆರ್.ಟಿ. ನಗರದ ವಠಾರವೊಂದರ ಎರಡು ಕೋಣೆಯ ಮನೆಯಲ್ಲಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ; ಇದರ ಮೇಲೆ ಗದಗಿನ ಕಡೆಯಿಂದ ಇಂಟರ್‌ವ್ಯೂಗೆಂದೋ ಆಸ್ಪತ್ರೆಗೆಂದೋ ಬಂದು, ಎರಡು ದಿನ ಎಂದು ಹೇಳಿ ಎರಡು ವಾರ ಉಳಿಯುವ ನೆಂಟರು. ಆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗವೆಂದರೆ ಬಚ್ಚಲು ಮಾತ್ರ. ಅಲ್ಲಿಯೂ ಮೈಗೆ ಸೋಪು ಹಚ್ಚುವಷ್ಟರಲ್ಲಿ ಹೊರಗಿನಿಂದ ಯಾರಾದರೂ "ಆತೇನ್ರಿ?" ಎನ್ನುತ್ತಿದ್ದರು. ಹೀಗಿರುವಾಗ ಒಂದು ಭಾನುವಾರ ಕಟಿಂಗ್ ಶಾಪಿನ ಕ್ಯಾಲೆಂಡರಿನಲ್ಲಿ ರಾಜಸ್ಥಾನದ ಮರುಭೂಮಿಯ ಚಿತ್ರ ಕಂಡೆ. ಬರೀ ಮರಳು, ನಡುವೆ ಒಂದು ರಸ್ತೆ, ಒಬ್ಬ ನೆಂಟನೂ ಇಲ್ಲ. ಅಲ್ಲಿಗೆ ಸ್ಕೂಟರಿನಲ್ಲಿ ಒಬ್ಬನೇ ಹೋಗಿಬರಬೇಕೆಂದು ಅಲ್ಲೇ ತೀರ್ಮಾನಿಸಿದೆ.

ತೀರ್ಮಾನಿಸಿದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಜಾಲಹಳ್ಳಿಯಲ್ಲಿದ್ದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಪಕ್ಕದ ಮೆಷಿನ್ನಿನ ನಂಜುಂಡಪ್ಪ ಶೆಟ್ಟಿಹಳ್ಳಿಯವನು. ದಿನಾ ಎಣ್ಣೆ ಹಚ್ಚಿ ತಿರುವುವ ಭಾರೀ ಮೀಸೆಯ ಒಡೆಯ. "ಏ ಬುಡು ಗುರು, ನೀನು ಎಬ್ಬಾಳ ದಾಟಿದ್ರೆ ಎಚ್ಚು. ಅಲ್ಲಿಗ್ ಓಗಿದ್ದೆ ಅಂತ ರುಜುವಾತು ತಂದು ತೋರ್ಸು, ಈ ಮೀಸೆ ಬೋಳಿಸ್ತೀನಿ" ಎಂದ. ಅಂದಿನಿಂದ ಏಕಾಂತದ ಜೊತೆಗೆ ಆ ಮೀಸೆಯೂ ನನ್ನ ಗುರಿಯಾಯಿತು. ಸ್ಟೋರ್ಸಿನ ರೆಹಮಾನ್ ಸಾಹೇಬರು ಪಾಪ, ತಮ್ಮ ಕ್ಯಾಮೆರಾ ಕೊಟ್ಟರು. ಕೊಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟರು: "ಬರೀ ಮರಳು ತೆಗೀಬೇಡಿ ಭಾಯ್, ಬಿಳೀ ಕಾಗದ ಬಂದಂಗೆ ಬರ್ತದೆ. ಮುಂದೆ ಏನಾದ್ರೂ ಇಟ್ಟು ತೆಗೀರಿ."

ಮನೆಯಲ್ಲಿ ಹೆಂಡತಿ ವಿಷಯವನ್ನು ನೇರವಾಗಿ ನೋಡಿದಳು. "ಉಸುಕು ನೋಡ್ಲಿಕ್ಕೆ ಅಷ್ಟು ದೂರ ಯಾಕ್ರಿ? ಮೂಲಿಗೆ ಮನಿ ಕಟ್ಟಾಕತ್ತಾರ, ಲಾರಿಗಟ್ಟಲೆ ಬಿದ್ದೈತಿ. ಹೋಗಿ ಕುಂತು ಬರ್ರಿ" ಎಂದಳು. ಅವ್ವನ ಚಿಂತೆ ಬೇರೆ. ಒಳ್ಳೆಯ ಕೆಲಸಕ್ಕೆ ಮೂವರು ಹೊರಡಬಾರದು, ಹೊರಟರೆ ನಾಲ್ಕನೆಯದಾಗಿ ಒಂದು ಕಲ್ಲನ್ನು ಇಟ್ಟುಕೊಳ್ಳಬೇಕು ಎಂಬುದು ನಮ್ಮ ಹಿರಿಯರ ರೂಢಿ. ಅವ್ವನ ಲೆಕ್ಕದಲ್ಲಿ ಮೂವರಿಗಿಂತ ಒಬ್ಬ ಹೆಚ್ಚು ಅಪಾಯ. ತುಳಸಿಕಟ್ಟೆಯ ಪಕ್ಕದಿಂದ ಅಂಗೈ ಅಗಲದ ಚಪ್ಪಟೆ ಕಲ್ಲೊಂದನ್ನು ಎತ್ತಿ ತಂದು, ತೊಳೆದು, ಕುಂಕುಮ ಹಚ್ಚಿ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಳು.

"ಅವ್ವ, ನಾ ಹೊಂಟಿದ್ದೇ ಒಬ್ಬನ ಇರ್ಬೇಕಂತ" ಎಂದೆ.

"ಇರು, ಯಾರ ಬ್ಯಾಡಂದ್ರು? ಕಲ್ಲೇನು ಮಾತಾಡ್ತೈತೇನು? ಆದ್ರ ಬರೋವಾಗ ಅಲ್ಲೇ ಬಿಟ್ಟು ಬರಬ್ಯಾಡ. ಜೋಡಿ ಹೋದವ್ರನ್ನ ಜೋಡೀನ ಕರಕೊಂಡು ಬರಬೇಕು."

ಸ್ಕೂಟರಿಗೆ ಗೋಣಿಚೀಲ ಸುತ್ತಿ ಜೋಧಪುರದವರೆಗೆ ರೈಲಿಗೆ ಹಾಕಿದೆ, ಹಿಂದೆಯೇ ನಾನೂ ಹೋದೆ. ಅಲ್ಲಿಂದ ಜೈಸಲ್ಮೇರಿನ ರಸ್ತೆ ಹಿಡಿದಾಗ ಕ್ಯಾಲೆಂಡರಿನೊಳಗೆ ಹೊಕ್ಕಂತೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ, ಹಿಂದೆಮುಂದೆ ಯಾರೂ ಇಲ್ಲದ ಕಡೆ, ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಎಂಥ ನಿಶ್ಶಬ್ದ! ಇದಕ್ಕಾಗಿಯೇ ಅಲ್ಲವೇ ಬಂದದ್ದು ಎಂದು ಕಣ್ಣು ಮುಚ್ಚಿ ನಿಂತೆ. ಸುಖ ಒಂದು ಬೀಡಿ ಸೇದುವಷ್ಟು ಹೊತ್ತು ಇತ್ತೋ ಇಲ್ಲವೋ. ಆಮೇಲೆ ಹೆದರಿಕೆಯಾಯಿತು. ನಾನು ಇಲ್ಲಿ ಬಿದ್ದು ಸತ್ತರೂ "ಆತೇನ್ರಿ?" ಎಂದು ಕೇಳುವವರು ಯಾರೂ ಇಲ್ಲವಲ್ಲ ಎನಿಸಿತು. ಅಷ್ಟರಲ್ಲಿ ಸ್ಕೂಟರಿನ ಸ್ಟ್ಯಾಂಡು ಮರಳಿನಲ್ಲಿ ಹೂತು ಗಾಡಿ ದೊಪ್ಪನೆ ಬಿತ್ತು. ಸ್ಟ್ಯಾಂಡಿನ ಕೆಳಗೆ ಕೊಡಲು ಒಂದು ಚೂರು ಕಲ್ಲಿಗಾಗಿ ಹುಡುಕಿದೆ. ಬರೀ ಮರಳು. ಕೊನೆಗೆ ಡಿಕ್ಕಿಯ ಕಲ್ಲನ್ನೇ ತೆಗೆದೆ. ಅಂಗೈ ಅಗಲದ ಆ ಕಲ್ಲಿನ ಮೇಲೆ ನನ್ನ ಸ್ಕೂಟರು ಅಲುಗಾಡದೆ ನಿಂತಿತು. "ಭೇಷ್ ತಮ್ಮಾ" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲಾಗಲಿಲ್ಲ. ರೊಟ್ಟಿ ಬಿಚ್ಚಿ ಊಟ ಮಾಡುತ್ತ ಅದಕ್ಕೆ ಪ್ರಮೋಷನ್ ತಪ್ಪಿದ ಕಥೆಯನ್ನೆಲ್ಲ ಹೇಳಿದೆ.

ಹೊರಡುವಾಗ ಅದನ್ನು ಅಲ್ಲೇ ಮರೆತೆ. ನೆನಪಾದದ್ದು ಬಹಳ ದೂರ ಹೋದ ಮೇಲೆ. ಪೆಟ್ರೋಲ್ ರಿಸರ್ವಿಗೆ ಬಂದಿತ್ತು. ಬುದ್ಧಿಯಿದ್ದವನು ಮುಂದೆ ಹೋಗುತ್ತಿದ್ದ. ನಾನು ಅವ್ವನ ಮುಖ ನೆನೆದು ಹಿಂದೆ ತಿರುಗಿದೆ. ಕುಂಕುಮ ಹಚ್ಚಿಕೊಂಡು ಅದೊಂದೇ ಆ ಬಿಸಿಲಲ್ಲಿ ಕೂತಿತ್ತು. ನನಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ಸಂಜೆಗೆ ಒಬ್ಬ ಲಾರಿ ಡ್ರೈವರ್ ಪೆಟ್ರೋಲ್ ಬಂಕಿನವರೆಗೆ ನಮ್ಮನ್ನು ಹೇರಿಕೊಂಡು ಹೋದ.

ಊರಿಗೆ ಬಂದ ಮೇಲೆ ಕ್ಯಾಮೆರಾದ ರೋಲನ್ನು ತೊಳೆಸಿ, ಫೋಟೊಗಳ ಕವರು ಬಿಚ್ಚದೆ ಮನೆಗೆ ತಂದೆ. ಮೀಸೆಯ ವಿಷಯವಾದ್ದರಿಂದ ನಂಜುಂಡಪ್ಪನೂ ಬಂದು ಕೂತಿದ್ದ, ವಠಾರವೂ ನೆರೆದಿತ್ತು. ಮೊದಲ ಫೋಟೊ: ಮರಳಿನ ಮುಂದೆ ಕಲ್ಲು. ಎರಡನೆಯದು: ಒಂಟೆಯ ಮುಂದೆ ಕಲ್ಲು. ಸ್ಕೂಟರಿನ ಸೀಟಿನ ಮೇಲೆ ಕಲ್ಲು, ಜೈಸಲ್ಮೇರಿನ ಕೋಟೆಯ ಮುಂದೆ ಕಲ್ಲು. ರೆಹಮಾನ್ ಸಾಹೇಬರ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದೆ. ಒಬ್ಬನೇ ಹೋದವನ ಫೋಟೊ ತೆಗೆಯುವವರು ಯಾರು ಎಂಬುದು ಮಾತ್ರ ಹೊರಡುವಾಗ ಹೊಳೆದಿರಲಿಲ್ಲ. ಒಬ್ಬ ಕುರಿಗಾಹಿಗೆ ಕೈಸನ್ನೆ ಮಾಡಿ ತೆಗೆಸಿದ್ದ ಒಂದೇ ಒಂದು ಫೋಟೊದಲ್ಲಿ ನಾನು ಅಂಗಿಯ ಎರಡನೆಯ ಗುಂಡಿಯಿಂದ ಚಪ್ಪಲಿಯವರೆಗೆ ಇದ್ದೆ.

ನಂಜುಂಡಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಈ ಒಟ್ಟೆ ಯಾರ್ದು ಗುರು?" ಎಂದ. ಅವ್ವನ ಕಡೆ ನೋಡಿದೆ, ಅವಳಾದರೂ ಮಗನ ಪರ ನಿಲ್ಲಲಿ ಎಂದು. ಅವಳು ಕನ್ನಡಕ ಏರಿಸಿಕೊಂಡು, "ನಮ್ಮ ಕಲ್ಲು ಹೋಗಿ ಬಂದದ್ದಂತೂ ಖರೆ" ಎಂದು ತೀರ್ಪು ಕೊಟ್ಟಳು. ಮೀಸೆ ಉಳಿಯಿತು.

ಅಂದಿನಿಂದ ವಠಾರದಲ್ಲಿ ಯಾರು ಎಲ್ಲಿಗೆ ಹೊರಟರೂ, ದೇಶ ಸುತ್ತಿದ ಕಲ್ಲೆಂದು ಅದನ್ನು ಕೇಳಿಕೊಂಡು ಬರತೊಡಗಿದರು. ಕಲ್ಲು ತಿರುಪತಿ ನೋಡಿತು, ಮಂತ್ರಾಲಯ ನೋಡಿತು, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೆಂಪಾಪುರಕ್ಕೂ ಹೋಯಿತು. ನಾನು ಯಶವಂತಪುರದ ಸಂತೆಗೆ ಹೋಗಿ ಈರುಳ್ಳಿ ತಂದೆ. ಒಂದು ಸಲ ಪಕ್ಕದ ಮನೆಯವರೊಂದಿಗೆ ಧರ್ಮಸ್ಥಳಕ್ಕೆ ಹೋದ ಕಲ್ಲು ಹೇಳಿದ ದಿನಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಚಿಲಕ ಹಾಕಿಕೊಂಡು ಮೈಗೆ ಸೋಪು ಹಚ್ಚುತ್ತಿದ್ದೆ. ಹೊರಗೆ ಗೇಟಿನ ಸದ್ದಾಯಿತು. ಬಚ್ಚಲೊಳಗಿನಿಂದ ನಾನೇ ಕೂಗಿದೆ: "ಬಂತೇನ?"