ಹದಿನಾಲ್ಕು ಫೋನು, ಒಂದೇ ಡಬ್ಬಿ

"ಇನ್ನೊಂದು ತಿಂಗಳಲ್ಲಿ ನಾನೊಂದು ಆ್ಯಪ್ ಮಾಡದಿದ್ದರೆ ನನ್ನ ಹೆಸರು ಅಂಬುಜಾಕ್ಷಿಯೇ ಅಲ್ಲ!"

ಹೀಗೆಂದು ಘೋಷಿಸಿದಾಗ ಅಂಬುಜಾಕ್ಷಿಯ ಬಲಗೈಯಲ್ಲಿ ಸೌಟಿತ್ತು, ಎಡಗೈಯಲ್ಲಿ ಫೋನಿತ್ತು. ಸಾಕ್ಷಾತ್ ಅನ್ನಪೂರ್ಣೆಯೇ ಪಾತ್ರೆ ಕೆಳಗಿಟ್ಟು ಫೋನು ಹಿಡಿದು ನಿಂತಂತಿತ್ತು. ನೋಡಿದವರು ಇಬ್ಬರೇ. ಗಂಡ ಶಂಕರನಾರಾಯಣ ಭಟ್ಟರು ಉಪ್ಪಿಟ್ಟಿನ ತಟ್ಟೆಯಿಂದ ತಲೆಯೆತ್ತಿ, "ಮಾಡು ಮಾರಾಯ್ತಿ. ಅದಕ್ಕೂ ಮೊದಲು ಇದಕ್ಕೊಂದಿಷ್ಟು ಉಪ್ಪು ಹಾಕು" ಅಂದರು. ಕಾಲೇಜಿಗೆ ಹೊರಟಿದ್ದ ಮಗಳು ಶ್ರೀರಮಾ ಚಪ್ಪಲಿ ಮೆಟ್ಟುತ್ತಲೇ, "ಅಮ್ಮಾ, ಯೇ ಸಬ್ ಆಪ್‌ಸೇ ನಹೀ ಹೋಗಾ" ಎಂದು, ಇದೆಲ್ಲ ನಿನ್ನಿಂದಾಗದು ಎಂಬ ತೀರ್ಪನ್ನು ಹಿಂದಿಯಲ್ಲಿ ಕೊಟ್ಟಳು. ಕಾಶಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅವಳ ಕಿವಿಯೊಳಗೆ ಕನ್ನಡವಾಗಿಯೇ ಹೋಗುತ್ತದೆ. ಬಾಯಿಂದ ಹೊರಬರುವಷ್ಟರಲ್ಲಿ ಹಿಂದಿಯಾಗಿರುತ್ತದೆ.

ಈ ಭೀಷ್ಮಪ್ರತಿಜ್ಞೆಗೆ ಕಾರಣ ಒಂದು ಬದನೆಕಾಯಿ.

ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಭಟ್ಟರ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅವರು ಗಂಗೆಯಲ್ಲಿ ಸಂಕಲ್ಪ ಮಾಡಿಸುವುದು, ಮನೆಯಲ್ಲಿ ಅಂಬುಜಾಕ್ಷಿ ಊಟ ಬಡಿಸುವುದು. ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಹೋಗುವುದು ಪದ್ಧತಿ. ಬಿಟ್ಟ ಮೇಲೆ ಜೀವಮಾನವಿಡೀ ಅದನ್ನು ತಿನ್ನುವಂತಿಲ್ಲ. ಜಾಣರು ಹಾಗಲಕಾಯಿ ಬಿಡುತ್ತಾರೆ. ಮೊನ್ನೆ ಒಬ್ಬ ಯಜಮಾನರು ಬೆಳಿಗ್ಗೆ ಸೊಂಟದುದ್ದ ನೀರಿನಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಬದನೆಕಾಯಿ ಬಿಟ್ಟರು. ಮಧ್ಯಾಹ್ನ ರಾಮನಗರದ ದಪ್ಪ ಬದನೆಕಾಯಿಯ ಗೊಜ್ಜನ್ನು ಮೂರು ಸಲ ಹಾಕಿಸಿಕೊಂಡರು!

"ಸಂಕಲ್ಪ ಮಾಡಿಸೋದು ನಾನು, ಮುರಿಸೋದು ನೀನು!" ಭಟ್ಟರು ಗುಡುಗಿದ್ದರು.

"ಯಾರು ಏನು ಬಿಟ್ಟರು ಅಂತ ಗಂಗಮ್ಮ ಬಂದು ನನ್ನ ಕಿವೀಲಿ ಹೇಳ್ತಾಳೇನ್ರೀ?"

ಗಂಗಮ್ಮ ಹೇಳದಿದ್ದರೆ ಫೋನು ಹೇಳಲಿ ಎಂದು ಹೊಳೆದದ್ದು ಆಗಲೇ.

ಇದು ಎಲ್ಲರಿಗೂ ಹೇಳುವ ಕಾರಣ. ಇನ್ನೊಂದಿತ್ತು, ಅದನ್ನು ಅಂಬುಜಾಕ್ಷಿ ದೇವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಭಟ್ಟರು ಬೆಳಿಗ್ಗೆ ತಿಂಡಿ ತಿಂದು ಘಾಟಿಗೆ ಹೋದರೆ ಊಟದ ಹೊತ್ತಿಗೆ ಬರುವವರು. ದಿನವೆಲ್ಲ ಮಂತ್ರ ಹೇಳಿದ ಗಂಟಲು, ಮನೆಯಲ್ಲಿ ಹೂಂ, ಉಹೂಂ ಎರಡೇ. ಪಕ್ಕದ ಮನೆಯಾಕೆಯ ಭೋಜಪುರಿಗೆ ನಗುವೊಂದೇ ಉತ್ತರ. ಕನ್ನಡ ಕೇಳುವುದು ಯಾತ್ರಿಕರು ಬಂದಾಗ. ಎರಡು ದಿನ ಅಡುಗೆಮನೆಯಲ್ಲಿ ಕೂತು ಸೊಸೆ, ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಹೇಳಿಕೊಳ್ಳುತ್ತಾರೆ. ಅಂಬುಜಾಕ್ಷಿ ಹಿಟ್ಟು ನಾದುತ್ತಾ ಕೇಳುತ್ತಾಳೆ. ಹೊರಡುವಾಗ ಕೈ ಹಿಡಿದು, "ಹೋದ ತಕ್ಷಣ ಫೋನ್ ಮಾಡ್ತೀವಿ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಫೋನ್ ಮಾಡಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಆಮೇಲೆ ಅಡುಗೆಮನೆಯ ಗೂಡಿನಲ್ಲಿರುವ ಅನ್ನಪೂರ್ಣೆಯ ವಿಗ್ರಹದೊಂದಿಗೇ ಮಾತು. ಆ ತಾಯಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂಬುದರಲ್ಲಿ ಅಂಬುಜಾಕ್ಷಿಗೆ ಸಂಶಯವಿಲ್ಲ. ಆದರೆ ಆಕೆ ತಿರುಗಿ ಮಾತಾಡಿದ್ದಿಲ್ಲ.

ಪಾಠ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ವಿಡಿಯೋ ನೋಡುವುದು. ಕಾಣದ ಊರಿನ ಮೇಷ್ಟ್ರು ಪ್ರತಿದಿನ "ಹಲೋ ದೋಸ್ತೋ!" ಎನ್ನುತ್ತಿದ್ದ. ತನ್ನನ್ನು ಯಾರೋ ಸ್ನೇಹಿತೆ ಎಂದು ಕರೆದು ಯಾವ ಕಾಲವಾಗಿತ್ತು! "ಬಂದೆ ಕಣಪ್ಪಾ" ಎಂದು ಅಂಬುಜಾಕ್ಷಿ ಸೆರಗಿಗೆ ಕೈಯೊರೆಸಿಕೊಂಡು ಓಡಿ ಬರುತ್ತಿದ್ದಳು.

ಮೇಷ್ಟ್ರು ಹೇಳಿದ ಮೊದಲ ಮಾತು, ಮಾಹಿತಿ ಇಡಲು ಒಂದು ಡಬ್ಬಿ ಬೇಕು. ಡಬ್ಬಿಯ ವಿಷಯ ಅಂಬುಜಾಕ್ಷಿಗೆ ಹೇಳಿಕೊಡಬೇಕೇ! ದೊಡ್ಡದೊಂದು ಡಬ್ಬಿ ಮಾಡಿ ಅದಕ್ಕೆ "ಬಿಟ್ಟಿದ್ದು" ಎಂದು ಹೆಸರಿಟ್ಟಳು. ಒಬ್ಬೊಬ್ಬರಿಗೂ ಬೇರೆ ಬೇರೆ ಡಬ್ಬಿ ಇಡಬೇಕೆಂಬುದು ಹದಿನೇಳನೆಯ ಪಾಠದಲ್ಲಿತ್ತು. ಹದಿನೇಳನೆಯ ಪಾಠದ ಹೊತ್ತಿಗೆ ಹಾಲು ಉಕ್ಕಿ, ಆ ಪಾಠ ತಪ್ಪಿಹೋಗಿತ್ತು.

ತಿಂಗಳು ತುಂಬಲು ಎರಡು ದಿನವಿರುವಾಗ ಆ್ಯಪ್ ಸಿದ್ಧವಾಯಿತು. ಯಾತ್ರಿಕರು ತಾವು ಬಿಟ್ಟಿದ್ದನ್ನು ಅದರಲ್ಲಿ ಬರೆದರಾಯಿತು. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಅವರ ಫೋನಿನಿಂದ ಅಂಬುಜಾಕ್ಷಿಯದೇ ಧ್ವನಿ ಹೊರಡುತ್ತದೆ: "ತಡೆಯಿರಿ! ಕಾಶಿಯಲ್ಲಿ ಬಿಟ್ಟಿದ್ದು ನೆನಪಿದೆಯೇ?" ಕೆಳಗೆ ಬಿಟ್ಟ ಪದಾರ್ಥದ ಹೆಸರು. ಅದರ ಕೆಳಗೆ, "ತೊಂದರೆಯಾದರೆ ಫೋನ್ ಮಾಡಿ" ಎಂದು ಅವಳ ನಂಬರು.

"ನಂಬರು ಯಾಕೆ?" ಭಟ್ಟರು ಕೇಳಿದರು.

"ಎಲ್ಲಾ ಆ್ಯಪಿನಲ್ಲೂ ಇರುತ್ತೆ ರೀ" ಎಂದು ಅಂಬುಜಾಕ್ಷಿ ಒಲೆಯ ಕಡೆ ತಿರುಗಿಕೊಂಡಳು.

ಆ ವಾರ ಬಂದ ತಂಡದಲ್ಲಿ ಹದಿನಾಲ್ಕು ಜನ, ನಾನಾ ಊರಿನವರು. ಹದಿನಾಲ್ಕು ಫೋನಿಗೂ ಅವಳೇ ಕೈಯಾರೆ ಆ್ಯಪ್ ಹಾಕಿಕೊಟ್ಟಳು. ಹಾಗಲಕಾಯಿ, ಬದನೆಕಾಯಿ, ಹಲಸು, ಹೋಳಿಗೆ, ಚಹಾ, ಕಾಫಿ, ಬೇಳೆ, ರೊಟ್ಟಿ, ನಶ್ಯ ಎಂದು ಬರೆದರು. ಒಬ್ಬಾಕೆ ನಾದಿನಿಯ ಜೊತೆ ಜಗಳ ಬಿಟ್ಟಿದ್ದಳು. ಎಲ್ಲವೂ ಹೋಗಿ ಆ ಒಂದೇ ಡಬ್ಬಿಗೆ ಬಿದ್ದವು. ಒಬ್ಬೊಬ್ಬರು ಬಿಟ್ಟಿದ್ದನ್ನು ಹದಿನಾಲ್ಕೂ ಜನ ಬಿಟ್ಟಂತಾಯಿತು!

ಆ್ಯಪ್ ಹಾಕಿಕೊಟ್ಟ ಐದನೆಯ ದಿನ ಮಧ್ಯಾಹ್ನ, ಊರು ಸೇರಿದ್ದ ತಂಡದ ಮಹೇಶ್ವರಿಯ ಫೋನು ಗದಗಿನಿಂದ.

"ಅಕ್ಕಾರ, ನಾ ಬಿಟ್ಟದ್ದು ಹಾಗಲಕಾಯಿ ಒಂದ. ನಿಮ್ಮ ಫೋನು ಚಾ ಬಿಡು, ಹೋಳಿಗಿ ಬಿಡು ಅನ್ನಾಕತ್ತೈತಿ. ಇರ್ಲಿ, ನಾದಿನಿ ಕೂಡ ಜಗಳಾನೂ ಬಿಡಬೇಕಂತ! ಆಕಿ ಬಂದು ಕೂತಾಳ, ಓದಿ ಓದಿ ನಗಾಕತ್ತಾಳ. ನಾ ಏನ್ ಮಾಡ್ಲಿ?"

ಅಂಬುಜಾಕ್ಷಿ ಕ್ಷಮೆ ಕೇಳಿದಳು. ಆಮೇಲೆ ನಾದಿನಿ ಹೇಗಿದ್ದಾಳೆಂದು ಕೇಳಿದಳು. ಮಹೇಶ್ವರಿ ಹೇಳಿದಳು, ನಲವತ್ತು ನಿಮಿಷ ಹೇಳಿದಳು.

ಮರುದಿನ ಮೈಸೂರಿನ ನಿವೃತ್ತ ಮೇಷ್ಟ್ರು ರಘುನಂದನ. "ಅಮ್ಮಾ, ನಾನು ಜನ್ಮದಲ್ಲಿ ನಶ್ಯ ಮುಟ್ಟಿದವನಲ್ಲ. 'ಕದ್ದು ಹಾಕ್ತಿರದಿದ್ದರೆ ಬಿಟ್ಟಿದ್ದು ಹ್ಯಾಗೆ? ಡಬ್ಬಿ ಎಲ್ಲಿ?' ಅಂತ ನನ್ನ ಹೆಂಡತಿ ಬೀರು ಖಾಲಿ ಮಾಡಿಸ್ತಿದ್ದಾಳೆ. ನೀವೇ ಒಂದು ಮಾತು ಹೇಳಿ." ಹೆಂಡತಿಗೆ ಹೇಳಲು ಅರ್ಧ ಗಂಟೆ ಬೇಕಾಯಿತು, ಅದರಲ್ಲಿ ನಶ್ಯಕ್ಕೆ ಐದು ನಿಮಿಷ, ಉಳಿದದ್ದು ಸಾರಿನ ಪುಡಿಗೆ.

ಆ ಸಂಜೆಯೇ ಅಂಬುಜಾಕ್ಷಿ ಹದಿನೇಳನೆಯ ಪಾಠ ನೋಡಿದಳು. ತಪ್ಪು ಗೊತ್ತಾಯಿತು. ಸರಿಮಾಡಲು ಒಂದು ಗಂಟೆ ಸಾಕಿತ್ತು. "ನಾಳೆ ಮಾಡಿದರಾಯಿತು" ಎಂದು ಫೋನು ಪಕ್ಕಕ್ಕಿಟ್ಟಳು. ನಾಳೆಯೂ ನಾಳೆಯೆಂದಳು. ದಿನಾ ಹನ್ನೆರಡೂವರೆಗೆ ಫೋನು ಬಡಿದುಕೊಳ್ಳುತ್ತಿತ್ತು. ಬಯ್ಯಲೆಂದೇ ಮಾಡಿದವರೂ ಬಯ್ದು ಮುಗಿಸಿ ಮೊಮ್ಮಗುವಿನ ನಾಮಕರಣದ ಮಾತಿಗೆ ಬರುತ್ತಿದ್ದರು. ಭಟ್ಟರು ಕೈತೊಳೆದು ಮಣೆಯ ಮೇಲೆ ಕಾಯುತ್ತಿದ್ದರು. "ಏನೇ, ಕಾಶೀ ವಿಶ್ವನಾಥನಿಗೂ ಇಷ್ಟು ಅಹವಾಲು ಬರೋಲ್ಲ!"

ಹನ್ನೊಂದನೆಯ ದಿನ ಹಿರಿಯೂರಿನ ಅನ್ನದಾನಮ್ಮ ಫೋನ್ ಮಾಡಿದರು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಗಂಗೆಯಲ್ಲಿ ಹಲಸಿನಹಣ್ಣು ಬಿಟ್ಟಿದ್ದರು. ಅವರ ದನಿಯಲ್ಲಿ ದೂರೇ ಇರಲಿಲ್ಲ.

"ಎಲ್ಲಾ ಬಿಟ್ಟೆ ಕಣಮ್ಮ. ಕಾಶಿಯಿಂದ ಬಂದ ಮಾತು, ಮೀರೋದುಂಟಾ? ಈಗ ಅನ್ನ, ಉಪ್ಪು, ಮಜ್ಜಿಗೆ ಉಳಿದಿದೆ. ಅನ್ನಾನೂ ಬಿಡೋದು ಯಾವತ್ತು ಬರುತ್ತೆ ಅಂತ ಕೇಳೋಣಾಂತ ಮಾಡಿದೆ. ಅಕ್ಕಿ ತರಿಸಬೇಕಿತ್ತು, ಅದಕ್ಕೆ."

ಅಂಬುಜಾಕ್ಷಿಗೆ ಅನ್ನಪೂರ್ಣೆಯ ಗೂಡಿನ ಕಡೆ ನೋಡುವ ಧೈರ್ಯವಾಗಲಿಲ್ಲ. ತನ್ನ ಕಿವಿ ತುಂಬಿಸಿಕೊಳ್ಳಲು ಒಬ್ಬ ಮುದುಕಿಯನ್ನು ಹನ್ನೊಂದು ದಿನ ಅರೆಹೊಟ್ಟೆಯಲ್ಲಿಟ್ಟಿದ್ದಳು!

"ತಪ್ಪು ನನ್ನದಮ್ಮ. ಈಗಲೇ ಒಂದು ಲೋಟ ಕಾಫಿ ಕುಡೀರಿ. ನಾನು ಫೋನು ಹಿಡಿದುಕೊಂಡೇ ಇರ್ತೀನಿ" ಎಂದಳು. ಅವರು ಕಾಫಿ ಸೊರ್ರೆಂದು ಹೀರಿದ್ದು ಕೇಳಿದ ಮೇಲೆಯೇ ಇಟ್ಟಳು.

ಆ ಮಧ್ಯಾಹ್ನ ಊಟ ಬಿಟ್ಟು ಕೂತು ಹದಿನಾಲ್ಕು ಜನಕ್ಕೂ ಹದಿನಾಲ್ಕು ಡಬ್ಬಿ ಮಾಡಿದಳು. ಹಳೆಯ ದೊಡ್ಡ ಡಬ್ಬಿ ಖಾಲಿಯಾಯಿತು. ಗಟ್ಟಿಮುಟ್ಟಾದ ಡಬ್ಬಿಯನ್ನು ಎಸೆಯಲು ಯಾವ ಗೃಹಿಣಿಗೆ ಮನಸ್ಸು ಬರುತ್ತದೆ? ತನಗಿರಲಿ ಎಂದು ಇಟ್ಟುಕೊಂಡಳು.

ಮರುದಿನ ಹನ್ನೆರಡೂವರೆಯಾಯಿತು. ಫೋನು ಸುಮ್ಮನಿತ್ತು. ಒಂದಾಯಿತು. ಸುಮ್ಮನಿತ್ತು. ಹೀಗೆ ಮೂರು ದಿನ. ಒಗ್ಗರಣೆಯ ಸದ್ದೇ ಮನೆಯಲ್ಲಿ ದೊಡ್ಡದಾಗಿ ಕೇಳತೊಡಗಿತು.

"ಫೋನು ಕೆಟ್ಟಿದೆಯೇನೇ?" ಭಟ್ಟರು ಕೇಳಿದರು.

"ಇಲ್ಲ ರೀ. ಸರಿಹೋಗಿದೆ."

ನಾಲ್ಕನೆಯ ದಿನ ಬೆಳಿಗ್ಗೆ ಅಂಬುಜಾಕ್ಷಿ ಗಂಗೆಗೆ ಹೋಗಿ ಮೂರು ಮುಳುಗು ಹಾಕಿದಳು. ಇಷ್ಟು ವರ್ಷ ಕಾಶಿಯಲ್ಲಿದ್ದರೂ ತಾನೇನನ್ನೂ ಬಿಟ್ಟಿರಲಿಲ್ಲ. ಮನೆಗೆ ಬಂದು ಒದ್ದೆ ಕೂದಲಲ್ಲೇ ತನ್ನ ಡಬ್ಬಿ ತೆರೆದು ಬರೆದಳು: "ಫೋನ್ ಬರುತ್ತದೆಂದು ಕಾಯುವುದು."

ಹನ್ನೆರಡೂವರೆಗೆ ಅವಳದೇ ಧ್ವನಿ ಅವಳನ್ನೇ ಗದರಿತು. ತಡೆಯಿರಿ! ನೆನಪಿದೆಯೇ? ನೆನಪಿದೆ ತಾಯಿ ಎನ್ನುತ್ತಾ ಸಾರಿನ ಪಾತ್ರೆ ಇಳಿಸಿದಳು. ಮರುಕ್ಷಣ ಫೋನು ಬಡಿದುಕೊಂಡಿತು. ಅನ್ನದಾನಮ್ಮ.

"ಏನಮ್ಮಾ ಅಂಬುಜಾಕ್ಷಿ, ಹೋಳಿಗೆ ಬಿಡು ಅಂದಿ, ಬಿಟ್ಟೆ. ಇವತ್ತು ಇದೇನು, 'ಫೋನ್ ಬರುತ್ತದೆಂದು ಕಾಯುವುದು' ಅಂತ ಬಂದಿದೆ? ನಾನು ಕಾಯ್ತಾ ಕೂರ್ತೀನಿ ಅಂತ ನಿನಗೆ ಯಾರು ಹೇಳಿದ್ದು? ನೋಡು, ಕಾಶಿಯಿಂದ ಬಂದ ಮಾತಾದರೂ ಸರಿ, ಇದೊಂದನ್ನ ನಾನು ಬಿಡೋಳಲ್ಲ. ತೆಗಿ ಅದನ್ನ!"

ಹಳೆಯ ಡಬ್ಬಿ! ಬಾಯಿ ತೆರೆದರೆ ಈಗಲೂ ಹದಿನಾಲ್ಕು ಫೋನಿಗೂ ಸುರಿಯುವ ಆ ದೊಡ್ಡ ಡಬ್ಬಿ! ಮುಚ್ಚಿಟ್ಟ ಗುಟ್ಟು ಗದಗಿನಿಂದ ಮೈಸೂರಿನವರೆಗೆ ಊಟದ ಹೊತ್ತಿಗೆ ಸರಿಯಾಗಿ ಬಡಿಸಿಕೊಂಡು ಹೋಗಿತ್ತು. ಅಂಬುಜಾಕ್ಷಿ ನಾಚಿ ಕೆಂಪಾದಳು. "ಅದು ನಿಮಗಲ್ಲಮ್ಮ" ಎಂದಳು ಸಣ್ಣ ದನಿಯಲ್ಲಿ, "ನನಗೆ ಬರೆದುಕೊಂಡಿದ್ದು."

ಆ ಕಡೆ ಮಣೆ ಎಳೆದ ಸದ್ದಾಯಿತು. ಆಮೇಲೆ ಅನ್ನದಾನಮ್ಮ, "ಹಾಗಾದರೆ ಒಂದು ಮಣೆ ಎಳಕೊಂಡು ಕೂತುಕೋ" ಅಂದರು.

ಅಷ್ಟರಲ್ಲಿ ಭಟ್ಟರು ಕೈತೊಳೆದು ಬಂದು, "ಬಡಿಸ್ತೀಯೇನೇ?" ಎಂದರು. ಕಿವಿಯಲ್ಲಿ ಹಿರಿಯೂರು, ಪರದೆಯ ಮೇಲೆ ಸರದಿಯಲ್ಲಿ ಗದಗು, ಅದರ ಹಿಂದೆ ಮೈಸೂರು. ಅಂಬುಜಾಕ್ಷಿ ಸೌಟು ಹಿಡಿದ ಕೈಯನ್ನು ಗಂಡನ ಕಡೆ ಎತ್ತಿದಳು.

"ತಡೆಯಿರಿ!"